ತೋಟದ ಬಾಗಿಲಿನ ಮಾರಾಟಕ್ಕೆ ಸ್ಥಳಾಧಾರಿತ ಚೆಕ್-ಇನ್ ಆ್ಯಪ್‌ಗಳು: ಬಳಕೆ, ಗ್ರಾಹಕರ ಕೊಡುಗೆ ಮತ್ತು ಮುನ್ನೆಚ್ಚರಿಕೆ

ಪೀಠಿಕೆ

ಸೊರಬ ತಾಲ್ಲೂಕಿನ ಉಳವಿ ಹೋಬಳಿ ಮತ್ತು ನೆರೆಯ ಶಿಕಾರಿಪುರ, ಸಾಗರ ತಾಲ್ಲೂಕುಗಳ ರೈತರು ಭತ್ತ, ಅಡಿಕೆ, ಶುಂಠಿ, ಮೆಕ್ಕೆಜೋಳ, ಅನಾನಸ್, ಬಾಳೆ ಹಾಗೂ ಕಾಳುಮೆಣಸನ್ನು ಬೆಳೆಯುತ್ತಾರೆ. ಇವುಗಳಲ್ಲಿ ಹೆಚ್ಚಿನ ಪಾಲು ಮಂಡಿ, ಸಹಕಾರ ಸಂಘ ಅಥವಾ ಮಧ್ಯವರ್ತಿಗಳ ಮೂಲಕವೇ ಮಾರಾಟವಾಗುತ್ತದೆ. ಇದರ ಜೊತೆಗೆ ಜೋನಿಬೆಲ್ಲ, ಜೇನುತುಪ್ಪ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕೆಂಪಕ್ಕಿ, ಅಡಿಕೆ ಮತ್ತು ಕಾಳುಮೆಣಸಿನ ಸಸಿಗಳನ್ನು ಮನೆಬಾಗಿಲಿನಲ್ಲಿ ಅಥವಾ ರಸ್ತೆಬದಿಯಲ್ಲಿ ನೇರವಾಗಿ ಮಾರುವ ಕುಟುಂಬಗಳೂ ಇವೆ. ಈ ನೇರ ಮಾರಾಟದಲ್ಲಿ ಬೆಲೆಯನ್ನು ನಿಗದಿಪಡಿಸುವವನು ರೈತನೇ. ಆದರೆ ಗ್ರಾಹಕನು ದಾರಿ ತಪ್ಪದೆ ಬಂದು ತಲುಪಬೇಕು ಮತ್ತು ಒಮ್ಮೆ ಬಂದವನು ಮತ್ತೆ ಬರಬೇಕು. ಇವೆರಡೂ ಸಾಧ್ಯವಾಗದಿದ್ದರೆ ನೇರ ಮಾರಾಟ ನಿಲ್ಲುವುದಿಲ್ಲ.

ಮೊಬೈಲ್ ಫೋನಿನ ಸ್ಥಳಾಧಾರಿತ ಸೇವೆಗಳು ಈ ಎರಡೂ ಕೆಲಸಗಳಿಗೆ ನೆರವಾಗಬಲ್ಲವು. ಗ್ರಾಹಕರು ಅಂಗಡಿಗೆ ಬಂದುದನ್ನು ತಮ್ಮ ಫೋನಿನಲ್ಲಿ ದಾಖಲಿಸುವುದು, ಅದಕ್ಕೆ ಪ್ರತಿಯಾಗಿ ಮಾರಾಟಗಾರರು ಸಣ್ಣ ಕೊಡುಗೆ ನೀಡುವುದು ನಗರಗಳಲ್ಲಿ ಒಂದೂವರೆ ದಶಕದಿಂದ ಬಳಕೆಯಲ್ಲಿರುವ ಪದ್ಧತಿ. ಅದರಲ್ಲಿ ಹಳ್ಳಿಯ ಮಾರಾಟಕ್ಕೆ ಹೊಂದುವುದು ಯಾವುದು, ಹೊಂದದಿರುವುದು ಯಾವುದು, ಕೊಡುಗೆಯ ವೆಚ್ಚವನ್ನು ಹೇಗೆ ಲೆಕ್ಕ ಹಾಕಬೇಕು ಮತ್ತು ಯಾವ ಎಚ್ಚರಿಕೆಗಳನ್ನು ವಹಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಚೆಕ್-ಇನ್ ಎಂದರೇನು?

ಒಬ್ಬ ವ್ಯಕ್ತಿಯು ತಾನು ಇಂತಹ ಸ್ಥಳದಲ್ಲಿ ಇದ್ದೇನೆ ಎಂಬುದನ್ನು ಫೋನಿನ ಆ್ಯಪ್ ಮೂಲಕ ದಾಖಲಿಸುವುದೇ ಚೆಕ್-ಇನ್. ಇದನ್ನು ಸ್ಥಳ ಹಾಜರಿ ಎನ್ನಬಹುದು. ಫೋನು ಉಪಗ್ರಹಗಳ ಸಂಕೇತ, ಮೊಬೈಲ್ ಗೋಪುರ ಮತ್ತು ಸಮೀಪದ ವೈಫೈ ಜಾಲಗಳ ಆಧಾರದ ಮೇಲೆ ತನ್ನ ಅಕ್ಷಾಂಶ, ರೇಖಾಂಶಗಳನ್ನು ಕಂಡುಕೊಳ್ಳುತ್ತದೆ. ಆ್ಯಪ್ ಅದನ್ನು ಅಂಗಡಿಯ ಗುರುತಿನೊಂದಿಗೆ ಹೋಲಿಸಿ ಹಾಜರಿಯನ್ನು ಒಪ್ಪಿಕೊಳ್ಳುತ್ತದೆ.

ನಮ್ಮ ರೈತರಿಗೆ ಈ ತತ್ತ್ವ ಹೊಸದಲ್ಲ. ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯನ್ನು ದಾಖಲಿಸಲು ಬೆಳೆ ಸಮೀಕ್ಷೆ ಆ್ಯಪ್ ಬಳಕೆಗೆ ಬಂದಿದೆ. ಅದರಲ್ಲಿ ಸರ್ವೆ ನಂಬರಿನ ಜಮೀನಿನಲ್ಲಿಯೇ ನಿಂತು ಛಾಯಾಚಿತ್ರ ತೆಗೆಯಬೇಕು. ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆ್ಯಪ್ ಕೂಡ ಇದೇ ತಂತ್ರವನ್ನು ಬಳಸುತ್ತದೆ. ಅಲ್ಲಿ ಜಮೀನಿನ ಗುರುತು ಸರ್ಕಾರದ ದಾಖಲೆಗೆ ಸೇರುತ್ತದೆ. ಇಲ್ಲಿ ಅಂಗಡಿಯ ಗುರುತು ಗ್ರಾಹಕನ ಕೈಗೆ ಸೇರುತ್ತದೆ.

ನಡೆದು ಬಂದ ದಾರಿ ಮತ್ತು ಅದರಿಂದ ಕಲಿಯಬೇಕಾದುದು

ಚೆಕ್-ಇನ್ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಫೋರ್‌ಸ್ಕ್ವೇರ್ ಎಂಬ ಆ್ಯಪ್. ಡೆನಿಸ್ ಕ್ರೌಲಿ ಮತ್ತು ನವೀನ್ ಸೆಲ್ವದುರೈ ಇದನ್ನು ರೂಪಿಸಿದರು. ಒಂದು ಅಂಗಡಿಗೆ ಅತಿ ಹೆಚ್ಚು ಬಾರಿ ಹಾಜರಿ ಹಾಕಿದವರಿಗೆ ಆ ಅಂಗಡಿಯ ‘ಮೇಯರ್’ ಎಂಬ ಬಿರುದು ದೊರೆಯುತ್ತಿತ್ತು. 2010ರ ಮೇ ತಿಂಗಳಿನಲ್ಲಿ ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯು ಅಮೆರಿಕದ ತನ್ನ ಅಂಗಡಿಗಳ ಮೇಯರ್‌ಗಳಿಗೆ ಒಂದು ಪಾನೀಯದ ಮೇಲೆ 1 ಡಾಲರ್ ರಿಯಾಯಿತಿ ನೀಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫೇಸ್‌ಬುಕ್ ಕೂಡ ಚೆಕ್-ಇನ್ ಸೌಲಭ್ಯವನ್ನು ತಂದಿತು.

ಆದರೆ ಆ್ಯಪ್‌ಗಳ ಆಯುಷ್ಯ ದೀರ್ಘವಾಗಿರಲಿಲ್ಲ. ಫೋರ್‌ಸ್ಕ್ವೇರ್‌ನ ಪ್ರತಿಸ್ಪರ್ಧಿಯಾಗಿದ್ದ ಗೋವಾಲಾ 2012ರಲ್ಲಿ ಮುಚ್ಚಿತು. ಫೋರ್‌ಸ್ಕ್ವೇರ್ 2014ರಲ್ಲಿ ಚೆಕ್-ಇನ್ ಭಾಗವನ್ನು ಸ್ವಾರ್ಮ್ ಎಂಬ ಬೇರೆ ಆ್ಯಪ್‌ಗೆ ವರ್ಗಾಯಿಸಿತು. ಅಂಗಡಿ, ಉಪಾಹಾರ ಗೃಹಗಳನ್ನು ಹುಡುಕಲು ಬಳಸುತ್ತಿದ್ದ ಅದರ ನಗರ ಮಾರ್ಗದರ್ಶಿ ಆ್ಯಪ್ 2024ರ ಡಿಸೆಂಬರ್‌ನಲ್ಲಿ ಸ್ಥಗಿತಗೊಂಡಿತು. ಈ ಅನುಭವದಿಂದ ರೈತರು ಮೂರು ಅಂಶಗಳನ್ನು ಗ್ರಹಿಸಬೇಕು.

1. ಕೊಡುಗೆ ಒಬ್ಬನಿಗೆ ಮಾತ್ರ ಸಿಗುವಂತಿದ್ದರೆ ಉಳಿದವರ ಆಸಕ್ತಿ ಕುಂದುತ್ತದೆ. ಅಂಗಡಿಗೊಬ್ಬನೇ ಮೇಯರ್ ಎಂಬ ನಿಯಮದಲ್ಲಿ ಎರಡನೆಯ ಸ್ಥಾನದ ನಿಷ್ಠಾವಂತ ಗ್ರಾಹಕನಿಗೆ ಏನೂ ದೊರೆಯುತ್ತಿರಲಿಲ್ಲ. ಕೊಡುಗೆಯನ್ನು ಎಲ್ಲರೂ ತಲುಪಬಹುದಾದ ಸಣ್ಣ ಗುರಿಗೆ ಕಟ್ಟಬೇಕು.

2. ಹಾಜರಿಯೆಂದರೆ ಖರೀದಿಯಲ್ಲ. ಮನೆಯಲ್ಲಿ ಕುಳಿತೇ ಹಾಜರಿ ಹಾಕಿ ಬಿರುದು ಪಡೆಯುವವರನ್ನು ತಡೆಯಲು ಫೋರ್‌ಸ್ಕ್ವೇರ್ 2010ರಲ್ಲಿಯೇ ತಪಾಸಣೆ ಅಳವಡಿಸಬೇಕಾಯಿತು. ಸುಳ್ಳು ಸ್ಥಳವನ್ನು ತೋರಿಸುವ ಆ್ಯಪ್‌ಗಳು ಈಗಲೂ ದೊರೆಯುತ್ತವೆ. ಆದ್ದರಿಂದ ಕೊಡುಗೆಯನ್ನು ಖರೀದಿಗೆ ಕೊಡಬೇಕು, ಕೇವಲ ಹಾಜರಿಗಲ್ಲ.

3. ಗ್ರಾಹಕರ ಪಟ್ಟಿ ಆ್ಯಪ್‌ನಲ್ಲಿ ಮಾತ್ರ ಇದ್ದರೆ ಆ್ಯಪ್ ಮುಚ್ಚಿದ ದಿನ ಅದೂ ಹೋಗುತ್ತದೆ. ನಕ್ಷೆಯ ಗುರುತಿಗೆ ಆ್ಯಪ್ ಬಳಸಿರಿ. ಗ್ರಾಹಕರ ಲೆಕ್ಕವನ್ನು ನಿಮ್ಮ ಪುಸ್ತಕದಲ್ಲಿ ಇಟ್ಟುಕೊಳ್ಳಿರಿ. ಈ ಲೇಖನದ ಎಲ್ಲ ಸಲಹೆಗಳೂ ಈ ಸೂತ್ರವನ್ನು ಆಧರಿಸಿವೆ.

ಮೊದಲ ಹೆಜ್ಜೆ: ನಕ್ಷೆಯಲ್ಲಿ ನಿಖರವಾದ ಗುರುತು

ಕೊಡುಗೆ, ರಿಯಾಯಿತಿಗಳ ವಿಚಾರ ಆನಂತರದ್ದು. ಮೊದಲು ನಿಮ್ಮ ಮಾರಾಟದ ಸ್ಥಳವು ನಕ್ಷೆಯಲ್ಲಿ ಸರಿಯಾಗಿ ಕಾಣಿಸಬೇಕು. ಉಳವಿಯ ರೈತರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಉಳವಿ ಎಂದು ಹುಡುಕಿದರೆ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಉಳವಿಯೂ ಕಾಣಿಸುತ್ತದೆ. ಶರಣ ಚನ್ನಬಸವಣ್ಣನವರ ಕ್ಷೇತ್ರವಾದ ಆ ಉಳವಿ ನಾಡಿನಾದ್ಯಂತ ಹೆಸರಾಗಿದೆ. ಎರಡೂ ಊರುಗಳ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದೆ. ಕರಪತ್ರದಲ್ಲಿಯೋ ವಾಟ್ಸ್ಆ್ಯಪ್‌ನಲ್ಲಿಯೋ ‘ಉಳವಿಗೆ ಬನ್ನಿ’ ಎಂದಷ್ಟೇ ಬರೆದರೆ ದೂರದ ಊರಿನ ಗ್ರಾಹಕನ ಫೋನು ಆತನನ್ನು ಜೋಯಿಡಾದ ಕಾಡಿನ ದಾರಿಗೆ ಕಳುಹಿಸಬಹುದು. ಸಸಿ ಒಯ್ಯಲು ವಾಹನ ಮಾಡಿಕೊಂಡು ಹೊರಟ ಗ್ರಾಹಕ ಒಮ್ಮೆ ಹೀಗೆ ದಾರಿ ತಪ್ಪಿದರೆ ಮತ್ತೆ ಯಾವ ರಿಯಾಯಿತಿಗೂ ಬರುವುದಿಲ್ಲ. ಆದ್ದರಿಂದ ಎಲ್ಲ ಕಡೆಗಳಲ್ಲಿಯೂ ‘ಉಳವಿ, ಸೊರಬ ತಾಲ್ಲೂಕು, ಶಿವಮೊಗ್ಗ ಜಿಲ್ಲೆ’ ಎಂದು ಪೂರ್ಣವಾಗಿ ಬರೆಯಬೇಕು.

ಗುರುತು ಹಾಕುವ ಕ್ರಮ:

1. ಗೂಗಲ್ ನಕ್ಷೆಯಲ್ಲಿ ವ್ಯಾಪಾರದ ಗುರುತನ್ನು ನೋಂದಾಯಿಸಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೌಲಭ್ಯವಿದೆ. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಇದಕ್ಕೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ. ಗೂಗಲ್ ಪರವಾಗಿ ಕರೆ ಮಾಡುತ್ತಿದ್ದೇವೆಂದು ಹೇಳಿ ಹಣ ಅಥವಾ ಓಟಿಪಿ ಕೇಳಿದರೆ ಕೊಡಬಾರದು.

2. ನೋಂದಣಿಯನ್ನು ನಿಮ್ಮ ಅಥವಾ ನಿಮ್ಮ ಕುಟುಂಬದ ಸದಸ್ಯರ ಇಮೇಲ್ ಖಾತೆಯಿಂದಲೇ ಮಾಡಿರಿ. ಬೇರೆಯವರು ಮಾಡಿಕೊಟ್ಟಿದ್ದರೆ ಮಾಲೀಕತ್ವ ನಿಮ್ಮ ಖಾತೆಗೆ ಬಂದಿರುವುದನ್ನು ಖಚಿತಪಡಿಸಿಕೊಳ್ಳಿರಿ.

3. ಗುರುತು ಹಾಕುವಾಗ ಮನೆಯ ಒಳಗೆ ಅಥವಾ ದಟ್ಟ ಅಡಿಕೆ ತೋಟದ ನೆರಳಿನಲ್ಲಿ ನಿಲ್ಲಬಾರದು. ಮರದ ಹೊದಿಕೆ ಮತ್ತು ಮಾಡು ಉಪಗ್ರಹ ಸಂಕೇತವನ್ನು ತಡೆಯುವುದರಿಂದ ಸ್ಥಳ ಹತ್ತಾರು ಮೀಟರ್ ಪಲ್ಲಟವಾಗಬಹುದು. ತೆರೆದ ಆಕಾಶದ ಕೆಳಗೆ ಒಂದೆರಡು ನಿಮಿಷ ನಿಂತು, ನಕ್ಷೆಯ ನೀಲಿ ಚುಕ್ಕೆ ಸ್ಥಿರವಾದ ಬಳಿಕ ಗುರುತಿಸಬೇಕು.

4. ಗ್ರಾಹಕನ ವಾಹನ ನಿಲ್ಲುವ ಜಾಗವನ್ನೇ ಗುರುತಿಸಿರಿ. ತೋಟದ ನಡುವಿನ ಬಿಂದುವನ್ನು ಗುರುತಿಸಿದರೆ ನಕ್ಷೆಯು ಹಿಂಬದಿಯ ಕಾಲುದಾರಿಯನ್ನೋ ಗದ್ದೆಯ ಅಂಚನ್ನೋ ದಾರಿಯೆಂದು ತೋರಿಸುವ ಸಾಧ್ಯತೆಯಿದೆ.

5. ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಡುವುದಾದರೆ ದಶಮಾಂಶದ ಬಳಿಕ ಕನಿಷ್ಠ 5 ಅಂಕಿಗಳಿರಲಿ. ಅಕ್ಷಾಂಶದ ಒಂದು ಡಿಗ್ರಿಯೆಂದರೆ ಸುಮಾರು 111 ಕಿ.ಮೀ. ಆದ್ದರಿಂದ 2 ಅಂಕಿಗಳಷ್ಟೇ ಬರೆದರೆ ಒಂದು ಕಿಲೋಮೀಟರಿನಷ್ಟು ಅಂತರ ಬರಬಹುದು. 4 ಅಂಕಿಗಳಿದ್ದರೆ ಸುಮಾರು 11 ಮೀಟರ್, 5 ಅಂಕಿಗಳಿದ್ದರೆ ಸುಮಾರು ಒಂದು ಮೀಟರ್ ನಿಖರತೆ ದೊರೆಯುತ್ತದೆ.

6. ಮನೆ ನಂಬರು, ಬೀದಿ ಹೆಸರುಗಳಿಲ್ಲದ ಹಳ್ಳಿಗಳಿಗೆ ಪ್ಲಸ್ ಕೋಡ್ ಎಂಬ ಸಂಕೇತ ಉಪಯುಕ್ತ. ಹತ್ತು ಅಕ್ಷರಗಳ ಈ ಸಂಕೇತವು ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ಸೂಚಿಸುತ್ತದೆ. ನಕ್ಷೆಯಲ್ಲಿ ನಿಮ್ಮ ಸ್ಥಳವನ್ನು ಒತ್ತಿ ಹಿಡಿದರೆ ಅದು ಕಾಣಿಸುತ್ತದೆ. ಅದನ್ನು ಚೀಲ, ಡಬ್ಬಿ, ರಸೀದಿಗಳ ಮೇಲೆ ಮುದ್ರಿಸಬಹುದು.

7. ಗುರುತು ಹಾಕಿದ ಬಳಿಕ ಊರಿನ ಪರಿಚಯವಿಲ್ಲದ ಒಬ್ಬರಿಗೆ ಕೊಂಡಿಯನ್ನು ಕಳುಹಿಸಿ, ಯಾರನ್ನೂ ಕೇಳದೆ ಬರುವಂತೆ ಹೇಳಿರಿ. ಅವರು ತಡೆದು ನಿಂತ ತಿರುವಿನಲ್ಲಿ ಒಂದು ಬಾಣದ ಫಲಕ ನಿಲ್ಲಿಸಿರಿ.

ಮಲೆನಾಡಿನ ಅನೇಕ ಕಡೆಗಳಲ್ಲಿ ಮೊಬೈಲ್ ಸಂಕೇತ ಎಡೆಬಿಡದೆ ಸಿಗುವುದಿಲ್ಲ. ಆದ್ದರಿಂದ ಕೊಂಡಿಯ ಜೊತೆಗೆ ಎರಡು ಸಾಲಿನ ದಾರಿ ವಿವರಣೆಯನ್ನು ಕಳುಹಿಸುವುದು ಕಡ್ಡಾಯವೆಂದು ತಿಳಿಯಿರಿ. ಮಾದರಿ: ‘ಸಾಗರದಿಂದ ಸೊರಬದ ಕಡೆಗೆ ಬರುವಾಗ ಉಳವಿ ಬಸ್ ನಿಲ್ದಾಣ. ಅಲ್ಲಿಂದ ಇಷ್ಟು ಕಿ.ಮೀ., ಎಡಕ್ಕೆ ಕೆರೆ ಏರಿ, ಏರಿ ಮುಗಿದ ಬಳಿಕ ಬಲಕ್ಕೆ ಹಸಿರು ಗೇಟು.’ ನೂರು ಮೀಟರ್ ಅಂತರದಲ್ಲಿ ಕಣ್ಣಿಗೆ ಬೀಳುವ ಗುರುತುಗಳನ್ನೇ ಬಳಸಿರಿ.

ಯಾರು ಬರಬಹುದು? ಎಂದು ಬರಬಹುದು?

ಈ ಭಾಗದಲ್ಲಿ ಹಾದು ಹೋಗುವ ಹೊರಗಿನವರು ಬಹುತೇಕ ಬೇರೆ ಸ್ಥಳಗಳಿಗೆ ಹೊರಟವರು. ಸಾಗರ ತಾಲ್ಲೂಕಿನ ಜೋಗ ಜಲಪಾತ, ಕೆಳದಿ ಮತ್ತು ಇಕ್ಕೇರಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬಾ ದೇವಸ್ಥಾನ ಹಾಗೂ ಗುಡವಿ ಪಕ್ಷಿಧಾಮ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಮತ್ತು ತಾಳಗುಂದ, ಶಿರಸಿ ತಾಲ್ಲೂಕಿನ ಬನವಾಸಿ ಇವುಗಳಲ್ಲಿ ಮುಖ್ಯವಾದವು. ಅಂತಹ ಪ್ರವಾಸಿಗ ವರ್ಷಕ್ಕೊಮ್ಮೆ ಬಂದಾನು. ಆದರೆ ಸಾಗರ, ಸೊರಬ, ಶಿರಾಳಕೊಪ್ಪ, ಶಿಕಾರಿಪುರಗಳ ನಿವಾಸಿ ತಿಂಗಳಿಗೆರಡು ಬಾರಿ ಬರಬಲ್ಲ.

ಈ ಇಬ್ಬರಿಗೂ ಒಂದೇ ಯೋಜನೆ ಒಗ್ಗುವುದಿಲ್ಲ. ‘ಐದು ಬಾರಿ ಬನ್ನಿ, ಕೊಡುಗೆ ಪಡೆಯಿರಿ’ ಎಂಬ ಮಾತು ಸ್ಥಳೀಯರಿಗೆ ಸರಿ. ಜೋಗಕ್ಕೆ ಹೊರಟ ಬೆಂಗಳೂರಿನ ಕುಟುಂಬಕ್ಕೆ ಅದರಿಂದ ಪ್ರಯೋಜನವಿಲ್ಲ. ಅಂತಹವರಿಗೆ ಅಂದೇ ಕೈಗೆ ಸಿಗುವ ಸಣ್ಣ ಮಾದರಿ ಪೊಟ್ಟಣ ಮತ್ತು ಮನೆಗೆ ಹೋದ ಮೇಲೆ ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಳ್ಳಲು ವಿಳಾಸ, ದರಪಟ್ಟಿಯ ಚೀಟಿ ಹೆಚ್ಚು ಉಪಯುಕ್ತ.

ಋತುಮಾನವನ್ನೂ ಗಮನಿಸಬೇಕು. ಜೋಗಕ್ಕೆ ಜನ ಹೆಚ್ಚಾಗಿ ಹೋಗುವುದು ಮಳೆಗಾಲದಲ್ಲಿ. ಆಗ ತಾಜಾ ಉತ್ಪನ್ನಕ್ಕಿಂತ ಹಪ್ಪಳ, ಉಪ್ಪಿನಕಾಯಿ, ಜೇನು, ಕಾಳುಮೆಣಸು ಮುಂತಾದ ಒಣ ಹಾಗೂ ಬಾಳಿಕೆಯ ಸರಕು ಮಾರಾಟಕ್ಕೆ ಅನುಕೂಲ. ಸಸಿಗಳಿಗೆ ಮುಂಗಾರಿನ ಆರಂಭ ತಕ್ಕ ಕಾಲ. ನಕ್ಷೆಯ ಗುರುತಿನಲ್ಲಿ ವೇಳಾಪಟ್ಟಿ ಮತ್ತು ಲಭ್ಯ ಸರಕನ್ನು ತಿಂಗಳಿಗೊಮ್ಮೆ ತಿದ್ದಿರಿ. ನಾಟಿ, ಕೊಯ್ಲು, ಅಡಿಕೆ ಸುಲಿತದ ದಿನಗಳಲ್ಲಿ ಅಂಗಡಿ ಮುಚ್ಚುವುದಾದರೆ ಅದನ್ನೂ ನಮೂದಿಸಿರಿ. ‘ತೆರೆದಿದೆ’ ಎಂದು ನಕ್ಷೆ ಹೇಳಿ ಬಾಗಿಲು ಮುಚ್ಚಿದ್ದರೆ ಗ್ರಾಹಕನು ನಿಮ್ಮನ್ನೇ ದೂರುತ್ತಾನೆ.

ಕೊಡುಗೆ ಯೋಜನೆಯ ಲೆಕ್ಕಾಚಾರ

ಕೊಡುಗೆಯನ್ನು ಮಾರಾಟದ ಮೊತ್ತದಿಂದ ಕೊಡುತ್ತೇವೆ ಎಂದು ತೋರಿದರೂ ಅದು ಹೋಗುವುದು ಖರ್ಚು ಕಳೆದು ಉಳಿಯುವ ಹಣದಿಂದ. ಈ ವ್ಯತ್ಯಾಸವನ್ನು ಅರಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಿರಿ. ಗ್ರಾಹಕನೊಬ್ಬ ಪ್ರತಿ ಭೇಟಿಯಲ್ಲಿ 300 ರೂಪಾಯಿಯ ಸರಕು ಕೊಳ್ಳುತ್ತಾನೆ. ಅದರ ಉತ್ಪಾದನೆ, ಪೊಟ್ಟಣ, ಕೂಲಿ ಸೇರಿ ವೆಚ್ಚ 225 ರೂಪಾಯಿ. ಉಳಿಕೆ 75 ರೂಪಾಯಿ ಎಂದಿಟ್ಟುಕೊಳ್ಳೋಣ.

ಕ್ರಮ ಒಂದು: ಚೆಕ್-ಇನ್ ಮಾಡಿದ ಎಲ್ಲರಿಗೂ ಪ್ರತಿ ಬಾರಿ ಶೇ. 10 ರಿಯಾಯಿತಿ.
- ಗ್ರಾಹಕ ಕೊಡುವುದು 270 ರೂಪಾಯಿ
- ಉಳಿಕೆ 45 ರೂಪಾಯಿ, ಅಂದರೆ ಮೊದಲಿನ ಉಳಿಕೆಯ ಶೇ. 40 ಕಡಿತ
- ಮೊದಲಿನಷ್ಟೇ ಹಣ ಉಳಿಯಬೇಕಾದರೆ ವ್ಯಾಪಾರ ಸುಮಾರು ಶೇ. 67 ಹೆಚ್ಚಬೇಕು

ಕ್ರಮ ಎರಡು: ಐದು ಖರೀದಿ ಪೂರೈಸಿದವರಿಗೆ 90 ರೂಪಾಯಿ ಬೆಲೆಯ ಸ್ವಂತ ಉತ್ಪನ್ನದ ಕೊಡುಗೆ.
- ಐದು ಖರೀದಿಗಳ ಉಳಿಕೆ 375 ರೂಪಾಯಿ
- ಕೊಡುಗೆಯ ನಿಜವಾದ ವೆಚ್ಚ ಶೇ. 75ರಂತೆ 67.50 ರೂಪಾಯಿ
- ಉಳಿಕೆಯಲ್ಲಿ ಶೇ. 18 ಕಡಿತ, ಭೇಟಿಯೊಂದಕ್ಕೆ ಉಳಿಯುವುದು 61.50 ರೂಪಾಯಿ
- ಮೊದಲಿನಷ್ಟೇ ಹಣ ಉಳಿಯಲು ವ್ಯಾಪಾರ ಸುಮಾರು ಶೇ. 22 ಹೆಚ್ಚಿದರೆ ಸಾಕು

ಎರಡನೆಯ ಕ್ರಮದಲ್ಲಿ ಗ್ರಾಹಕನಿಗೆ ಕಾಣುವುದು 90 ರೂಪಾಯಿಯ ವಸ್ತು. ನಿಮಗೆ ತಗಲುವುದು 67.50 ರೂಪಾಯಿ. ಇದಲ್ಲದೆ ಐದು ಬಾರಿ ಬಾರದವರಿಗೆ ಕೊಡುಗೆಯ ವೆಚ್ಚವೇ ಇಲ್ಲ. ರಿಯಾಯಿತಿ ದರಕ್ಕೆ ಒಮ್ಮೆ ಒಗ್ಗಿಕೊಂಡ ಗ್ರಾಹಕ ಮೂಲ ಬೆಲೆಯನ್ನು ಹೆಚ್ಚೆಂದು ಭಾವಿಸುವ ಅಪಾಯವೂ ಇದರಲ್ಲಿ ಕಡಿಮೆ. ಆದ್ದರಿಂದ ಸಣ್ಣ ಮಾರಾಟಗಾರರಿಗೆ ಎರಡನೆಯ ಕ್ರಮವನ್ನು ಶಿಫಾರಸು ಮಾಡಲಾಗಿದೆ. ನಿಮ್ಮ ಸರಕಿನ ನಿಜವಾದ ವೆಚ್ಚವನ್ನು ಹಾಕಿ ಇದೇ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿರಿ. ಮನೆಯವರ ದುಡಿಮೆಗೂ ಕೂಲಿ ಹಾಕಬೇಕು. ಅದನ್ನು ಬಿಟ್ಟರೆ ಉಳಿಕೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಒಟ್ಟು ಕೊಡುಗೆಯ ವೆಚ್ಚ ಉಳಿಕೆಯ ಐದನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಳ್ಳುವುದು ಕ್ಷೇಮ.

ಅನುಷ್ಠಾನ ಕ್ರಮ

ದುಬಾರಿ ಆ್ಯಪ್ ಮಾಡಿಸುವ ಅಗತ್ಯವಿಲ್ಲ. ಒಂದು ಫೋನು, ಯುಪಿಐ ಕ್ಯೂಆರ್ ಕೋಡ್, ರಟ್ಟಿನ ಕಾರ್ಡು ಮತ್ತು ಒಂದು ದಾಖಲೆ ಪುಸ್ತಕ ಇದ್ದರೆ ಯೋಜನೆ ಆರಂಭಿಸಬಹುದು.

1. ಅಂಗಡಿಯಲ್ಲಿ ಎರಡು ಕ್ಯೂಆರ್ ಕೋಡ್‌ಗಳನ್ನು ಪ್ರತ್ಯೇಕವಾಗಿ ಇಡಿರಿ: ಒಂದು ಹಣ ಪಾವತಿಗೆ, ಇನ್ನೊಂದು ನಕ್ಷೆಯ ಗುರುತಿಗೆ. ಎರಡರ ಮೇಲೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಉದ್ದೇಶ ಬರೆಯಿರಿ. ಪಾವತಿಯ ಕೋಡಿನ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿಲ್ಲವೆಂದು ದಿನವೂ ನೋಡಿಕೊಳ್ಳಿರಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ.

2. ಗ್ರಾಹಕರು ಇಚ್ಛಿಸಿದರೆ ತಮ್ಮ ಫೇಸ್‌ಬುಕ್‌ನಲ್ಲಿ ಚೆಕ್-ಇನ್ ಮಾಡಲಿ ಅಥವಾ ಸ್ಥಳದ ಕೊಂಡಿಯನ್ನು ಸ್ನೇಹಿತರಿಗೆ ಕಳುಹಿಸಲಿ. ಇದು ಐಚ್ಛಿಕ.

3. ಖರೀದಿ ಮುಗಿದ ಬಳಿಕ ಕಾರ್ಡಿನಲ್ಲಿ ದಿನಾಂಕ ಬರೆದು ಮುದ್ರೆ ಒತ್ತಿರಿ. ಸ್ಮಾರ್ಟ್‌ಫೋನು ಇಲ್ಲದ ಹಿರಿಯ ಗ್ರಾಹಕರಿಗೂ ಇದೇ ಕಾರ್ಡು ಸಲ್ಲಬೇಕು.

4. ಕನಿಷ್ಠ ಖರೀದಿಯ ಮೊತ್ತ, ಕೊಡುಗೆಯ ವಸ್ತು ಮತ್ತು ಯೋಜನೆಯ ಕೊನೆಯ ದಿನಾಂಕವನ್ನು ಕಾರ್ಡಿನ ಮೇಲೆಯೇ ಮುದ್ರಿಸಿರಿ. ಮಾತು ಕೊಟ್ಟ ವಸ್ತು ಮುಗಿದಿದ್ದರೆ ಅದಕ್ಕೆ ಸಮನಾದ ಅಥವಾ ಹೆಚ್ಚಿನ ಬೆಲೆಯ ವಸ್ತುವನ್ನು ಕೊಡಿರಿ.

5. ಒಪ್ಪಿಗೆ ಕೊಟ್ಟವರ ಹೆಸರು, ಫೋನ್ ನಂಬರು, ಊರು, ಕೊಂಡ ಸರಕನ್ನು ಪುಸ್ತಕದಲ್ಲಿ ಬರೆದಿಡಿರಿ. ಹೊಸ ಸರಕು ಬಂದಾಗ ತಿಂಗಳಿಗೆ ಒಂದೆರಡು ಸಂದೇಶಗಳನ್ನು ಮಾತ್ರ ಕಳುಹಿಸಿರಿ. ಇದಕ್ಕೆ ಉಚಿತವಾದ ವಾಟ್ಸ್ಆ್ಯಪ್ ಬಿಸಿನೆಸ್ ಸಾಕು.

ಒಂದೇ ರಸ್ತೆಯ ಮೂರು ನಾಲ್ಕು ಮಾರಾಟಗಾರರು ಸೇರಿ ಸಮಾನ ಕಾರ್ಡು ಮಾಡಿಕೊಳ್ಳುವುದು ಇನ್ನೂ ಉತ್ತಮ. ಜೇನು ಮಾರುವವರಲ್ಲಿ ಒಂದು ಮುದ್ರೆ, ಹಪ್ಪಳ ಮಾಡುವ ಸ್ವಸಹಾಯ ಸಂಘದಲ್ಲಿ ಒಂದು, ಸಸ್ಯಕ್ಷೇತ್ರದಲ್ಲಿ ಒಂದು ಎಂದು ಗ್ರಾಹಕನು ಸುತ್ತಿ ಬರುತ್ತಾನೆ. ಕೊಡುಗೆಯ ವೆಚ್ಚವನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಆರಂಭದಲ್ಲಿಯೇ ಬರಹದಲ್ಲಿ ಇಟ್ಟುಕೊಳ್ಳಬೇಕು. ರೈತ ಉತ್ಪಾದಕ ಸಂಸ್ಥೆ ಇರುವಲ್ಲಿ ಈ ಹೊಣೆಯನ್ನು ಅದಕ್ಕೇ ವಹಿಸಬಹುದು.

ಸಂಸ್ಕರಿಸಿದ ಆಹಾರವನ್ನು ಮಾರುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಉಚಿತ ಕೊಡುಗೆಯಾಗಿ ಕೊಡುವ ಪೊಟ್ಟಣದ ಮೇಲೆಯೂ ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತೂಕ ಮತ್ತು ವಿಳಾಸ ಇರಲಿ.

ಮಾಡಬಾರದ ಕಾರ್ಯಗಳು

- ಒಳ್ಳೆಯ ಅಭಿಪ್ರಾಯ ಬರೆದರೆ ಅಥವಾ ಐದು ನಕ್ಷತ್ರ ಕೊಟ್ಟರೆ ಕೊಡುಗೆ ಎನ್ನಬಾರದು. ಹಣ, ರಿಯಾಯಿತಿ ಅಥವಾ ಉಚಿತ ವಸ್ತುವಿಗೆ ಬದಲಾಗಿ ಅಭಿಪ್ರಾಯ ಬರೆಸುವುದನ್ನು ಗೂಗಲ್ ನಕ್ಷೆಯ ನಿಯಮಗಳು ನಿಷೇಧಿಸುತ್ತವೆ. ಅಂತಹ ಅಭಿಪ್ರಾಯಗಳನ್ನು ತೆಗೆದುಹಾಕಲಾಗುತ್ತದೆ. ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೂ ಹೊರತಂದಿದೆ. ‘ಅನುಭವವನ್ನು ಇದ್ದಂತೆ ಬರೆಯಿರಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

- ಮನೆಯವರು, ನೆಂಟರಿಂದ ಸುಳ್ಳು ಚೆಕ್-ಇನ್ ಮತ್ತು ಅಭಿಪ್ರಾಯ ಹಾಕಿಸಬಾರದು.

- ಅದೃಷ್ಟ ಚೀಟಿ, ಲಕ್ಕಿ ಡ್ರಾ ನಡೆಸಬಾರದು. ಮಾರಾಟ ಹೆಚ್ಚಿಸಲು ಲಾಟರಿ ಹಾಗೂ ಅದೃಷ್ಟದ ಆಟ ನಡೆಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ.

- ಬೆಲೆಯನ್ನು ಏರಿಸಿ ಬಳಿಕ ರಿಯಾಯಿತಿ ಎಂದು ತೋರಿಸಬಾರದು. ಪ್ರಮಾಣಪತ್ರವಿಲ್ಲದೆ ‘ಸಾವಯವ’ ಎಂದು ನಕ್ಷೆಯ ವಿವರಣೆಯಲ್ಲಿ ಬರೆಯಬಾರದು.

ಗ್ರಾಹಕರ ಮಾಹಿತಿಯ ರಕ್ಷಣೆ

ವ್ಯಕ್ತಿಯೊಬ್ಬ ಎಲ್ಲಿದ್ದಾನೆ ಎಂಬುದು ಆತನ ಖಾಸಗಿ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿ ಪಡೆಯುವ ಮುನ್ನ ಉದ್ದೇಶವನ್ನು ತಿಳಿಸಿ, ಒತ್ತಾಯವಿಲ್ಲದ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಅವಕಾಶವಿರಬೇಕು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಅಗತ್ಯ. ಕಾಗದದಲ್ಲಿ ಬರೆದು ಬಳಿಕ ಫೋನಿಗೆ ಸೇರಿಸಿದ ಮಾಹಿತಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಅಂಗಡಿಯಲ್ಲಿ ಈ ಮಾದರಿಯ ಫಲಕವನ್ನು ಹಾಕಬಹುದು: ‘ತಮ್ಮ ಫೋನ್ ನಂಬರನ್ನು ಹೊಸ ಸರಕಿನ ಸುದ್ದಿ ತಿಳಿಸಲು ಮಾತ್ರ ಬಳಸುತ್ತೇವೆ. ಯಾರಿಗೂ ಕೊಡುವುದಿಲ್ಲ. ಬೇಡವೆಂದರೆ ಅಂದೇ ಅಳಿಸುತ್ತೇವೆ. ನಂಬರು ಕೊಡದಿದ್ದರೂ ಕೊಡುಗೆ ದೊರೆಯುತ್ತದೆ.’ ಎಲ್ಲ ಗ್ರಾಹಕರನ್ನೂ ಒಂದೇ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಬೇಡಿರಿ. ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣಿಸುತ್ತದೆ. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿಯನ್ನು ಬಳಸಿರಿ. ಗ್ರಾಹಕರ ಛಾಯಾಚಿತ್ರವನ್ನು ಕೇಳದೆ ಹಾಕಬಾರದು.

ಮನೆ, ಅಂಗಳ ಮತ್ತು ತೋಟದ ಸುರಕ್ಷತೆ

ನಕ್ಷೆಯ ಗುರುತು ಗ್ರಾಹಕನಿಗೆ ಕಾಣುವಂತೆ ಎಲ್ಲರಿಗೂ ಕಾಣುತ್ತದೆ. ಈ ಅಂಶವನ್ನು ರೈತರು ಲಘುವಾಗಿ ಪರಿಗಣಿಸಬಾರದು.

ಕಳ್ಳತನ: ಅಡಿಕೆ ಒಣಗುವ ಅಂಗಳ, ದಾಸ್ತಾನು ಕೋಣೆಗಳ ಚಿತ್ರವನ್ನು ಸ್ಥಳದ ಗುರುತಿನೊಂದಿಗೆ ಹಾಕಬೇಡಿರಿ. ಕುಟುಂಬವೆಲ್ಲ ಊರ ಹೊರಗಿರುವಾಗ ಆ ಸುದ್ದಿಯನ್ನು ಹಂಚಿಕೊಳ್ಳಬೇಡಿರಿ. ಸಾಧ್ಯವಿದ್ದರೆ ಮನೆಯನ್ನು ಗುರುತಿಸದೆ ರಸ್ತೆಬದಿಯ ಮಾರಾಟ ಕಟ್ಟೆಯನ್ನು ಗುರುತಿಸಿರಿ. ಮನೆಯಿಂದ ಸರಕು ತಲುಪಿಸುವವರಿಗೆ ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶವನ್ನಷ್ಟೇ ತೋರಿಸುವ ಆಯ್ಕೆಯೂ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿದೆ. ಮಹಿಳೆಯರೇ ನಡೆಸುವ ಮಾರಾಟಕ್ಕೆ ಇದು ಹೆಚ್ಚು ಸೂಕ್ತ.

ರೋಗ ಪ್ರಸಾರ: ಬಂದವರನ್ನೆಲ್ಲ ತೋಟ ಸುತ್ತಿಸುವುದು ಸೌಜನ್ಯವೆನಿಸಿದರೂ ಅಪಾಯಕಾರಿ. ಶುಂಠಿಯ ದುಂಡಾಣು ಸೊರಗು ರೋಗ, ಗೆಡ್ಡೆ ಕೊಳೆ, ಬಾಳೆಯ ಪನಾಮ ಸೊರಗು ರೋಗ ಹಾಗೂ ಕಾಳುಮೆಣಸಿನ ಬುಡ ಕೊಳೆ ರೋಗಗಳ ರೋಗಾಣುಗಳು ಮಣ್ಣಿನಲ್ಲಿ ಉಳಿದು, ಪಾದರಕ್ಷೆ, ವಾಹನದ ಚಕ್ರ ಮತ್ತು ಸಲಕರಣೆಗಳಿಗೆ ಅಂಟಿದ ಮಣ್ಣಿನೊಂದಿಗೆ ಬೇರೆ ತೋಟಗಳಿಗೆ ಸಾಗುತ್ತವೆ. ನಿಮ್ಮಲ್ಲಿಗೆ ಬರುವವರಲ್ಲಿ ಬಹಳ ಮಂದಿ ಸ್ವತಃ ರೈತರು; ಅವರು ತಮ್ಮ ಹೊಲದ ಮಣ್ಣಿನೊಂದಿಗೇ ಬರುತ್ತಾರೆ. ನಾಲ್ಕಾರು ಗ್ರಾಹಕರ ಲಾಭಕ್ಕಾಗಿ ಒಂದು ಶುಂಠಿ ತಾಕನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಾರದು. ಆದ್ದರಿಂದ:
- ಮಾರಾಟದ ಜಾಗ ಮತ್ತು ವಾಹನ ನಿಲುಗಡೆ ತೋಟದ ಹೊರಗಿರಲಿ.
- ಒಳಗೆ ಕರೆದೊಯ್ಯಲೇಬೇಕಾದರೆ ಪಾದರಕ್ಷೆಯ ಮಣ್ಣನ್ನು ಕೆರೆದು, ಬ್ರಷ್‌ನಿಂದ ತೊಳೆದ ಬಳಿಕವೇ ಬಿಡಿರಿ. ಮಣ್ಣು ಮೆತ್ತಿಕೊಂಡಿದ್ದರೆ ಸೋಂಕು ನಿವಾರಕ ದ್ರಾವಣ ಕೆಲಸ ಮಾಡುವುದಿಲ್ಲ.
- ಮಳೆಗಾಲದಲ್ಲಿ ಹಾಗೂ ತೋಟದಲ್ಲಿ ರೋಗ ಕಂಡಾಗ ವೀಕ್ಷಣೆಯನ್ನು ಸಂಪೂರ್ಣ ನಿಲ್ಲಿಸಿರಿ.
- ರೋಗ ಕಂಡ ಸಸ್ಯಕ್ಷೇತ್ರದಿಂದ ಸಸಿಗಳನ್ನು ಮಾರಬೇಡಿರಿ, ಕೊಡುಗೆಯಾಗಿಯೂ ಕೊಡಬೇಡಿರಿ.

ಫಲಿತಾಂಶದ ಅಳತೆ

ಚೆಕ್-ಇನ್‌ಗಳ ಸಂಖ್ಯೆ, ಮೆಚ್ಚುಗೆಗಳ ಸಂಖ್ಯೆ ಆದಾಯವಲ್ಲ. ಯೋಜನೆ ಆರಂಭಿಸುವ ಮುಂಚಿನ ಒಂದು ತಿಂಗಳು ಮತ್ತು ಆರಂಭಿಸಿದ ಬಳಿಕ ಕನಿಷ್ಠ ಒಂದು ಹಂಗಾಮು ಈ ಐದು ಅಂಕಿಗಳನ್ನು ಬರೆದಿಡಿರಿ:

1. ದಿನದ ಗ್ರಾಹಕರ ಸಂಖ್ಯೆ
2. ಅವರಲ್ಲಿ ಮೊದಲ ಬಾರಿ ಬಂದವರು ಮತ್ತು ಮರಳಿ ಬಂದವರು
3. ಪ್ರತಿ ಗ್ರಾಹಕನ ಸರಾಸರಿ ಖರೀದಿ
4. ಕೊಟ್ಟ ಕೊಡುಗೆಗಳ ನಿಜವಾದ ವೆಚ್ಚ
5. ‘ನಮ್ಮ ಸ್ಥಳ ಹೇಗೆ ತಿಳಿಯಿತು?’ ಎಂಬ ಪ್ರಶ್ನೆಗೆ ಬಂದ ಉತ್ತರ: ನಕ್ಷೆ, ಸ್ನೇಹಿತರು, ಫಲಕ ಅಥವಾ ಬೇರೆ

ಮರಳಿ ಬಂದವರ ಸಂಖ್ಯೆ ಹೆಚ್ಚದೆ ಕೊಡುಗೆಯ ವೆಚ್ಚ ಮಾತ್ರ ಹೆಚ್ಚುತ್ತಿದ್ದರೆ, ಮೊದಲೇ ಬರುತ್ತಿದ್ದವರಿಗೇ ನೀವು ಕೊಡುಗೆ ನೀಡುತ್ತಿದ್ದೀರಿ ಎಂದರ್ಥ. ಆಗ ಮುದ್ರಿಸಿದ ಕಾರ್ಡುಗಳನ್ನು ಕೊನೆಯ ದಿನಾಂಕದವರೆಗೆ ಗೌರವಿಸಿ, ಹೊಸ ಕಾರ್ಡು ಕೊಡುವುದನ್ನು ನಿಲ್ಲಿಸಿರಿ. ಉತ್ತರಗಳಲ್ಲಿ ನಕ್ಷೆಯ ಪಾಲು ಹೆಚ್ಚಿದ್ದರೆ ಕೊಡುಗೆಗಿಂತ ಗುರುತು, ವೇಳಾಪಟ್ಟಿ, ಛಾಯಾಚಿತ್ರಗಳನ್ನು ಸುಧಾರಿಸಲು ಗಮನ ಕೊಡಿರಿ.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಇಂಟರ್‌ನೆಟ್ ಸರಿಯಾಗಿ ಸಿಗುವುದಿಲ್ಲ. ಪ್ರಯೋಜನವಿದೆಯೇ?
ಉತ್ತರ: ಇದೆ. ಗ್ರಾಹಕನು ಸಂಕೇತವಿರುವ ಪಟ್ಟಣದಲ್ಲಿಯೇ ದಾರಿಯನ್ನು ತೆರೆದು ಹೊರಡುತ್ತಾನೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದಿದ್ದರೂ ದಾರಿ ಕಾಣುತ್ತದೆ. ನಿಮ್ಮ ಕಾರ್ಡು ಮತ್ತು ಪುಸ್ತಕಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಪ್ರಶ್ನೆ: ಕೆಟ್ಟ ಅಭಿಪ್ರಾಯ ಬಂದರೆ ಏನು ಮಾಡಬೇಕು?
ಉತ್ತರ: ವಾದಕ್ಕೆ ಇಳಿಯದೆ ಎರಡು ಸಾಲಿನ ವಿನಯದ ಉತ್ತರ ಬರೆಯಿರಿ. ದೂರು ನಿಜವಾದರೆ ಸರಿಪಡಿಸಿ ತಿಳಿಸಿರಿ. ಅಂಗಡಿಗೇ ಬಾರದವರು ಬರೆದ ಸುಳ್ಳಾಗಿದ್ದರೆ ಆ್ಯಪ್‌ನಲ್ಲಿಯೇ ದೂರು ಸಲ್ಲಿಸುವ ಅವಕಾಶವಿದೆ.

ಪ್ರಶ್ನೆ: ವರ್ಷದಲ್ಲಿ ಎರಡು ತಿಂಗಳು ಮಾತ್ರ ಮಾರುತ್ತೇವೆ. ಗುರುತು ಬೇಕೇ?
ಉತ್ತರ: ಬೇಕು. ಉಳಿದ ತಿಂಗಳುಗಳಲ್ಲಿ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ನಮೂದಿಸಿರಿ. ಗುರುತನ್ನು ಅಳಿಸಿದರೆ ಹಿಂದಿನ ಅಭಿಪ್ರಾಯಗಳೂ ಕಾಣದಾಗುತ್ತವೆ.

ಸಾರಾಂಶ

ಚೆಕ್-ಇನ್ ಆ್ಯಪ್‌ಗಳು ಬರುತ್ತವೆ, ಹೋಗುತ್ತವೆ. ನಿಖರವಾದ ಗುರುತು, ಹೇಳಿದ ವೇಳೆಗೆ ತೆರೆದ ಬಾಗಿಲು, ಉಳಿಕೆಯ ಮಿತಿಯೊಳಗಿನ ಕೊಡುಗೆ ಮತ್ತು ನಿಮ್ಮದೇ ಕೈಯಲ್ಲಿರುವ ಗ್ರಾಹಕರ ಪುಸ್ತಕ ಇವು ನಾಲ್ಕಿದ್ದರೆ ಯಾವ ಆ್ಯಪ್ ಮುಚ್ಚಿದರೂ ಮಾರಾಟ ನಿಲ್ಲುವುದಿಲ್ಲ. ಮೊದಲ ಹಂಗಾಮಿನಲ್ಲಿ ಒಂದೇ ಉತ್ಪನ್ನ, ನೂರು ಕಾರ್ಡುಗಳಿಂದ ಆರಂಭಿಸಿ, ಲೆಕ್ಕ ನೋಡಿದ ಬಳಿಕ ವಿಸ್ತರಿಸಿರಿ. ಸಸಿಗಳ ಆರೋಗ್ಯ ಹಾಗೂ ಉತ್ಪನ್ನಗಳ ಸಂಸ್ಕರಣೆಗೆ ಸಂಬಂಧಿಸಿದ ಸಲಹೆಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕು ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.